ರಾಣಿ ಕವಚ ಬಿಚ್ಚುವ ಹೊತ್ತು

ಒಬ್ಬ ರಾಣಿ ಯುದ್ಧದಿಂದ ಮನೆಗೆ ಬಂದು ಮೈಮೇಲಿನ ಕವಚ ಬಿಚ್ಚಲು ಎಷ್ಟು ಹೊತ್ತು ಬೇಕು? ಇಲಾಖೆಯ ವ್ಯಾನಿನಲ್ಲಿ ಮೈಕು, ವೈರು, ಬ್ಯಾಟರಿ ಹೇರಿಕೊಂಡು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ತಿರುಗಿದ ಅಷ್ಟೂ ಕಾಲ ನಾನು ಈ ಒಂದು ಪ್ರಶ್ನೆಯಿಂದ ಬೇಸತ್ತಿದ್ದೆ. ನನ್ನ ಪ್ರಕಾರ ಅದು ಗೊಂಬೆ ಬದಲಾಯಿಸುವ ಕೆಲಸ. ಒಂದನ್ನು ಪರದೆಯಿಂದ ಇಳಿಸಿ ಇನ್ನೊಂದನ್ನು ಏರಿಸಿದರೆ ಮುಗಿಯಿತು. ಅಕ್ಕನ ಪ್ರಕಾರ ಅದಕ್ಕೆ ಮೊದಲು ಒಂದು ಯುದ್ಧ ನಡೆಯಬೇಕು, ಯುದ್ಧಕ್ಕೆ ಮೊದಲು ಶತ್ರು ಬರಬೇಕು, ಶತ್ರು ಬರುವುದಕ್ಕೆ ಮೊದಲು ಅವನಿಗೆ ಬರಲು ಒಂದು ಕಾರಣ ಬೇಕು.

ಅಕ್ಕ ತೀರಿಕೊಂಡ ಸುದ್ದಿ ಹೋದ ತಿಂಗಳು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಅವರ ತಮ್ಮನ ಬಾಯಿಂದ ಗೊತ್ತಾಯಿತು. ಆಗಿನಿಂದ ಅವರ ಬಗ್ಗೆ ಬರೆಯಬೇಕು ಅನಿಸುತ್ತಿದೆ. ಬರೆಯಲು ಕೂತರೆ ಮೊದಲು ಬರುವುದು ದುಃಖವಲ್ಲ, ಸಿಟ್ಟು. ಅಷ್ಟು ಹಟಮಾರಿಯಾದ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನನ್ನನ್ನು ಅವರು ಮೈಕಪ್ಪ ಎನ್ನುತ್ತಿದ್ದರು.

ಅಕ್ಕ ತೊಗಲು ಗೊಂಬೆ ಆಡಿಸುವವರು. ಹಿರಿಯೂರಿನ ಆಚೆಯ ಒಂದು ಹಟ್ಟಿಯವರು. ಗೊಂಬೆಯ ಬುಟ್ಟಿಯನ್ನು ತಾವು ಹೊತ್ತು, ತಮ್ಮನ ಹೆಗಲಿಗೆ ಮದ್ದಳೆ ಏರಿಸಿ ಊರೂರು ಸುತ್ತುತ್ತಿದ್ದವರನ್ನು ನಮ್ಮ ಇಲಾಖೆ ಕರೆತಂದು ಕುಟುಂಬ ಯೋಜನೆಯ ಪ್ರಚಾರಕ್ಕೆ ಹಚ್ಚಿತ್ತು. ಸಾಹೇಬರು ಭಾಷಣ ಮಾಡಿದರೆ ಜನ ಎದ್ದು ಹೋಗುತ್ತಾರೆ, ಗೊಂಬೆ ಮಾತಾಡಿದರೆ ಕೂತು ಕೇಳುತ್ತಾರೆ ಎಂದು ಮೇಲಿನವರು ಯಾರಿಗೋ ಹೊಳೆದಿತ್ತು. ಅದು ನಿಜವೇ ಆಗಿತ್ತು.

ಅವರ ಹತ್ತಿರ ಒಂದು ರಾಣಿಯ ಕತೆ ಇತ್ತು. ಯಾವ ಪುರಾಣದ್ದೂ ಅಲ್ಲ, ಅವರ ಅಜ್ಜಿ ಕಟ್ಟಿದ್ದು ಎನ್ನುತ್ತಿದ್ದರು. ರಾಜ ಊರಲ್ಲಿಲ್ಲದಾಗ ಶತ್ರು ಬರುತ್ತಾನೆ. ರಾಣಿ ಕವಚ ತೊಟ್ಟು ಹೋಗುತ್ತಾಳೆ, ಗೆಲ್ಲುತ್ತಾಳೆ, ಮನೆಗೆ ಬಂದು ಕವಚ ಬಿಚ್ಚುತ್ತಾಳೆ. ಇಷ್ಟೇ ಕತೆ. ಈ ಒಬ್ಬ ರಾಣಿಗೆ ಎರಡು ಗೊಂಬೆ. ಕವಚದವಳು ಎತ್ತರ. ಎದೆಯ ಮೇಲೆ ಮೀನಿನ ಹುರುಪೆಯಂತೆ ಕೊರೆದ ಕೆಂಪು ಕವಚ. ಕತ್ತಿ ಹಿಡಿದ ಬಲಗೈ ಒಂದು ಬಿಟ್ಟರೆ ಅವಳ ಮೈಯಲ್ಲಿ ಬೇರೇನೂ ಆಡುತ್ತಿರಲಿಲ್ಲ. ಕವಚವಿಲ್ಲದವಳು ಅವಳಿಗಿಂತ ಗೇಣು ಗಿಡ್ಡ. ಸಾದಾ ನೀಲಿ ಸೀರೆ, ಬಿಚ್ಚಿದ ಜಡೆ, ಬರಿಗೈ. ಆದರೆ ಇವಳಿಗೆ ಎರಡೂ ಕೈ ಆಡುತ್ತಿದ್ದವು. ಮೊಣಕೈ, ಸೊಂಟ, ಕತ್ತು ಎಲ್ಲವೂ ಬೇರೆ ಬೇರೆಯಾಗಿ ದಾರದ ಗಂಟಿನ ಮೇಲೆ ಕೂತಿದ್ದವು. ಕವಚದವಳು ಪರದೆಯ ಮೇಲೆ ನಿಲ್ಲುತ್ತಿದ್ದಳು. ಇವಳು ಓಡಾಡುತ್ತಿದ್ದಳು.

ಬಂದವಳು ಮೊದಲು ಮಾಡುತ್ತಿದ್ದದ್ದು ಬೆನ್ನು ಕೆರೆದುಕೊಳ್ಳುವುದು.

"ಅಯ್ಯಯ್ಯೋ ನನ್ ಬೆನ್ನೇ! ನೀರು ಕಾದೈತೇನ್ರವ್ವಾ?" ಎಂದು ಅಕ್ಕ ಪರದೆಯ ಹಿಂದಿನಿಂದ ಕೂಗುತ್ತಿದ್ದರು.

"ಕಾದೈತೆ ಬಾರವ್ವಾ!" ಎಂದು ಹೆಂಗಸರೆಲ್ಲ ಒಟ್ಟಿಗೆ ಉತ್ತರ ಕೊಡುತ್ತಿದ್ದರು. ಯುದ್ಧ ನಡೆಯುವಾಗ ದೂರ ನಿಂತು ಬೀಡಿ ಸೇದುತ್ತಿದ್ದ ಗಂಡಸರೂ ಆಗ ಹತ್ತಿರ ಬಂದು ಕೂರುತ್ತಿದ್ದರು. ನಮ್ಮ ಇಲಾಖೆಗೆ ಬೇಕಾಗಿದ್ದದ್ದು ಇದರ ನಂತರದ ನಾಲ್ಕು ಮಾತು. ರಾಣಿ ಜಡೆ ಹೆಣೆದುಕೊಳ್ಳುತ್ತ, "ಎರಡು ಮಕ್ಳು ಸಾಕು ಕಣ್ರವ್ವಾ. ರಾಣಿಯಾದ ನಂಗೇ ಸಾಕಾಗಿ ಹೋಗೈತೆ" ಎನ್ನಬೇಕು. ಆ ನಾಲ್ಕು ಮಾತಿಗಾಗಿ ನಾವು ಅಷ್ಟು ಹೊತ್ತು ಕಾಯಬೇಕಾಗಿತ್ತು.

ಹೊಳಲ್ಕೆರೆಯಲ್ಲಿ ಒಮ್ಮೆ ಸಾಹೇಬರಿಗೆ ಬೇರೆ ಕಾರ್ಯಕ್ರಮವಿತ್ತು. ಅರ್ಧ ಗಂಟೆಯಲ್ಲಿ ಮುಗಿಸಲು ಹೇಳು ಎಂದು ನನಗೆ ಹೇಳಿ ಕಳಿಸಿದರು. ನಾನು ಪರದೆಯ ಹಿಂದೆ ಹೋಗಿ ಕೂತೆ.

"ಅಕ್ಕಾ, ಇವತ್ತು ಯುದ್ಧ ಬಿಟ್ಬಿಡ್ರಿ. ಸೀದಾ ಮನೆಗೆ ಬಂದ್ಲು ಅನ್ರಿ."

"ಎಲ್ಲಿಂದ ಬಂದ್ಲು?"

"ಯುದ್ಧದಿಂದ."

"ಯಾವ ಯುದ್ಧ? ನೀವು ನೋಡಿದ್ರಾ?"

"ಅದನ್ನ ಬಾಯಲ್ಲಿ ಹೇಳಿದ್ರೆ ಆಗಲ್ವಾ?"

ಅಕ್ಕ ದೀಪಕ್ಕೆ ಎಣ್ಣೆ ಬಿಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಮೈಕಪ್ಪ, ಗೆದ್ದು ಬಂದೋಳು ಕವಚ ಬಿಚ್ಚಿದ್ರೆ ಮನೆಗೆ ಬಂದ್ಲು ಅಂತ. ಗೆಲ್ಲದೆ ಬಿಚ್ಚಿದ್ರೆ ಯಾರೋ ಬಿಚ್ಚಿಸಿದ್ರು ಅಂತ. ಅಷ್ಟು ಗೊತ್ತಾಗಲ್ವೇನ್ರಿ ಜನಕ್ಕೆ?"

ನಮ್ಮ ಡ್ರೈವರ್ ವ್ಯಾನಿನಿಂದಲೇ ಕೂಗಿದ: "ಅಕ್ಕಾ, ಆ ಶತ್ರುನಾದ್ರೂ ಬೇಗ ಸಾಯಿಸ್ರಿ, ನಂಗೆ ಹೊಟ್ಟೆ ಹಸಿದೈತೆ!"

"ನಿನ್ನಂಥೋನಾಗಿದ್ರೆ ಬೇಗ ಸಾಯ್ತಿದ್ದ ಕಣೋ. ಇವನು ಉಂಡು ಬಂದವನೆ."

ಯುದ್ಧ ಪೂರ್ತಿ ನಡೆಯಿತು. ಸಾಹೇಬರು ನಡುವೆಯೇ ಎದ್ದು ಹೋದರು. ಬೈಗುಳ ತಿಂದವನು ನಾನು.

ಇಂಥವು ಎಷ್ಟೋ. ನಾನು ಬ್ಯಾಟರಿಯಿಂದ ಒಳ್ಳೆಯ ಬಲ್ಬು ಹಾಕಿ ಕೊಟ್ಟರೆ, "ಇದರ ಬೆಳಕು ಅಲ್ಲಾಡಲ್ಲ, ನೆರಳಿಗೆ ಉಸಿರೇ ಬರಲ್ಲ" ಎಂದು ಬಿಚ್ಚಿಸಿ ಹರಳೆಣ್ಣೆ ದೀಪವನ್ನೇ ಇಡುತ್ತಿದ್ದರು. ಅದರ ಹೊಗೆಗೆ ನನ್ನ ಮೈಕು ಹಾಳಾಗುತ್ತಿತ್ತು. ಇನ್ನು ಆ ಇಬ್ಬರು ರಾಣಿಯರನ್ನು ಒಂದೇ ಬುಟ್ಟಿಯಲ್ಲಿ ಇಡುವಂತಿರಲಿಲ್ಲ. ಒಬ್ಬಳು ಅಕ್ಕನ ಬುಟ್ಟಿಯಲ್ಲಿ, ಇನ್ನೊಬ್ಬಳು ತಮ್ಮನ ಬಟ್ಟೆಗಂಟಿನಲ್ಲಿ. ಪರದೆಯ ಮೇಲೂ ಇಬ್ಬರೂ ಒಟ್ಟಿಗೆ ಬರುವಂತಿಲ್ಲ. ಒಬ್ಬಳು ಪೂರ್ತಿ ಇಳಿದು ಪರದೆ ಖಾಲಿಯಾದ ಮೇಲೆಯೇ ಇನ್ನೊಬ್ಬಳು ಏರಬೇಕು.

ವ್ಯಾನು ಕೆಟ್ಟ ಒಂದು ದಿನ ಚಿಕ್ಕಜಾಜೂರಿನಲ್ಲಿ ಚಿತ್ರದುರ್ಗದ ರೈಲು ಹತ್ತಿ ಕೂತಿದ್ದೆವು. ಅಕ್ಕನ ತಮ್ಮ ಗಂಟಿನ ಸಮೇತ ಚಹಾ ಕುಡಿಯಲು ಇಳಿದಿದ್ದ. ರೈಲು ಅಲುಗಿತು. ಅವನು ಹಿಂದಿನ ಡಬ್ಬಿಗೆ ಹಾರಿ ಹತ್ತುತ್ತಾನೆ ಎಂದು ನಾನು ಹೇಳುವಷ್ಟರಲ್ಲಿ ಅಕ್ಕ ಬುಟ್ಟಿ ಎತ್ತಿಕೊಂಡು ಇಳಿದೇಬಿಟ್ಟರು. ಸಾಮಾನೆಲ್ಲ ಕೆಳಗೆ ತಳ್ಳಿ ನಾನೂ ಇಳಿದೆ. ಪ್ಲಾಟ್‌ಫಾರಮ್ಮಿನ ಮೇಲೆ ನಾವಿಬ್ಬರು ನಿಂತಿದ್ದೆವು. ತಮ್ಮ ನಿಜವಾಗಿಯೂ ಹಿಂದಿನ ಡಬ್ಬಿ ಹತ್ತಿದ್ದ. ಬಾಗಿಲಲ್ಲಿ ನಿಂತು, "ಯಾಕಕ್ಕ ಇಳಿದೆ?" ಎಂದು ಕೂಗುತ್ತ ಹೋದ.

"ಏನಕ್ಕಾ ಇದು?" ಎಂದು ನಾನು ರೇಗಿದೆ.

"ಒಬ್ಬಳೇ ಕಣ್ರಿ ಅವಳು. ಅರ್ಧ ರಾಣಿನ ಕರ್ಕೊಂಡು ದುರ್ಗಕ್ಕೆ ಹೋಗಿ ಏನ್ ಮಾಡ್ಲಿ?"

"ಈಗ ಆ ಅರ್ಧ ಹೋಯ್ತಲ್ಲ!"

"ಹೌದಲ್ವಾ," ಎಂದು ಬುಟ್ಟಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಸ್ಟೇಷನ್ನಿನ ಪೋರ್ಟರು ನಗುತ್ತ ನಿಂತಿದ್ದ. ಅವನಿಗೂ ಎಲೆ ಕೊಟ್ಟರು. ನನಗೆ ಕೊಡಲಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಪ್ರಚಾರ ಎಂಬ ಮಾತು ಹೋಗಿ, ತಿಂಗಳಿಗೆ ಇಷ್ಟು ಗಂಡಸರಿಗೆ ಆಪರೇಷನ್ ಆಗಲೇಬೇಕು ಎಂಬ ಟಾರ್ಗೆಟ್ ಬಂತು. ಹೊಸದಾಗಿ ಬಂದ ಸಾಹೇಬರು ಒಂದು ಮಧ್ಯಾಹ್ನ ಅಕ್ಕನ ಆಟವನ್ನು ಹೊಗಳಿದರು. ಹೊಗಳಿ, "ಏನಮ್ಮಾ, ಆಟದಲ್ಲಿ ಒಬ್ಬರೂ ಏಳದೆ ಕೂತಿರೋ ಹೊತ್ತು ಯಾವುದು?" ಎಂದು ಕೇಳಿದರು. ನಾನು ಅಲ್ಲೇ ಇದ್ದೆ.

"ರಾಣಿ ಕವಚ ಬಿಚ್ಚೋವಾಗ ಸ್ವಾಮಿ," ಎಂದರು ಅಕ್ಕ. ಹಿಗ್ಗಿನಿಂದ ಹೇಳಿದರು. "ಆಗ ಮನೆಗೆ ಬೆಂಕಿ ಬಿದ್ರೂ ಏಳಲ್ಲ."

ಅದಾದ ಮೇಲೆ ನಮ್ಮ ವ್ಯಾನಿನ ಹಿಂದೆ, ಸ್ವಲ್ಪ ದೂರದಲ್ಲಿ, ಇನ್ನೊಂದು ವ್ಯಾನು ಬರತೊಡಗಿತು. ನಮ್ಮದಕ್ಕೆ ಬಣ್ಣದ ಬೋರ್ಡಿತ್ತು. ಅದಕ್ಕೆ ಬೋರ್ಡಿರಲಿಲ್ಲ.

ಹೊಳಲ್ಕೆರೆ ಸೀಮೆಯ ಒಂದು ಊರು. ಕತ್ತಲಾಗುತ್ತಿದ್ದಂತೆ ಆಟ ಶುರುವಾಯಿತು. ರಾಣಿ ಗೆದ್ದಳು, ಪರದೆ ಖಾಲಿಯಾಯಿತು, ನೀಲಿ ಸೀರೆಯವಳು ಬಂದಳು. "ಅಯ್ಯಯ್ಯೋ ನನ್ ಬೆನ್ನೇ" ಎಂಬ ಮಾತು ನನ್ನ ಲೌಡ್ ಸ್ಪೀಕರಿನಲ್ಲಿ ಕೇಳಿತು, ಜನ ನಕ್ಕರು. ಆ ನಗು ಮುಗಿಯುವ ಮೊದಲೇ ಕೆರೆಯ ತಿರುವಿನಿಂದ ಆ ವ್ಯಾನು ಬಂದು ಜನರಿಗೂ ಊರಿಗೂ ನಡುವೆ ಅಡ್ಡ ನಿಂತಿತು. ಅದರಿಂದ ಇಳಿದವರು ಗಂಡಸರನ್ನು ಹಿಡಿದು ಹತ್ತಿಸಿದರು. ಒಬ್ಬ ಹುಡುಗನ ಅಂಗಿ ಹಿಡಿದೆಳೆದಾಗ ಅಂಗಿ ಹರಿದು ಅವರ ಕೈಗೆ ಬಂತು. ಅವನು ಬರಿಮೈಯಲ್ಲಿ ತಪ್ಪಿಸಿಕೊಂಡು ನಾಲ್ಕು ಹೆಜ್ಜೆ ಓಡಿದ. ಆಮೇಲೆ ತೋಳು ಸಿಕ್ಕಿತು. ವೈರು ಕೈಯಲ್ಲಿ ಹಿಡಿದು ನಾನು ಇದನ್ನು ಕಂಡೆ. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ, ನಿಶ್ಚಯವಾಗಿತ್ತು ಎಂಬುದು ಬೆಳಿಗ್ಗೆ ತಿಳಿಯಿತು. ಅಷ್ಟರಲ್ಲಿ ಅವನ ಆಪರೇಷನ್ ಮುಗಿದಿತ್ತು.

ಅವನ ತಾಯಿ ನಾವು ಇಳಿದುಕೊಂಡಿದ್ದ ಶಾಲೆಯ ಜಗಲಿಗೆ ಬಂದಳು. ನನ್ನನ್ನಾಗಲಿ ಡ್ರೈವರನ್ನಾಗಲಿ ಅವಳು ಕಣ್ಣೆತ್ತಿ ನೋಡಲಿಲ್ಲ. ಅಕ್ಕನ ಮುಂದೆ ನಿಂತು ಹೇಳಿದಳು:

"ಆ ಗಾಡಿಯೋರಿಗೆ ಅವನು ಸಿಗ್ತಿರಲಿಲ್ಲ ಕಣವ್ವ. ಅವನ ಕಾಲು ಚುರುಕು. ನಿನ್ನ ರಾಣಿ ಬೆನ್ನು ಕೆರ್ಕೊಳ್ಳೋದು ನೋಡಿ ನಗ್ತಾ ಕುಂತಿದ್ದ. ನಾನೇ ಕೂರಿಸಿದ್ದೆ, ಬಾರೋ ಚೆನ್ನಾಗೈತೆ ಅಂತ. ಇನ್ನು ನಿನ್ನ ಮುಂದೆ ನಾನು ಕೂರಾಕಿಲ್ಲ."

ವ್ಯಾನಿನಲ್ಲಿ ವಾಪಸು ಬರುವಾಗ ಅಕ್ಕ ಕೇಳಿದರು:

"ಮೈಕಪ್ಪ, ನಿಮ್ಮ ಮೈಕಿನಾಗೆ ನನ್ನ ದನಿ ಎಲ್ಲೀಗಂಟ ಕೇಳ್ತದೆ?"

"ಕೆರೆ ತಿರುವಿನವರೆಗೂ ಕೇಳುತ್ತೆ."

"ಅಲ್ಲೇ ನಿಂತಿತ್ತು ಆ ಗಾಡಿ," ಎಂದರು. "ಹೊತ್ತು ಯಾವುದು ಅಂತ ನಾನೇ ಹೇಳಿದ್ದೆ" ಎಂದರು.

ಮರುದಿನವೇ, ಇನ್ನು ಆಟಕ್ಕೆ ಬರುವುದಿಲ್ಲ ಎಂದು ಸಾಹೇಬರಿಗೆ ತಿಳಿಸಿದರು. ಸಾಹೇಬರು ಕೂಗಾಡಲಿಲ್ಲ. ಬಾಗಿಲ ಬಳಿ ಮದ್ದಳೆ ಹಿಡಿದು ನಿಂತಿದ್ದ ತಮ್ಮನನ್ನು ತೋರಿಸಿ, "ಸರಿ, ಹಾಗಾದರೆ ಇವನಿಂದಲೇ ಶುರು ಮಾಡೋಣ" ಎಂದರು. ತಮ್ಮನಿಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅಕ್ಕ ಬುಟ್ಟಿ ಎತ್ತಿಕೊಂಡರು.

ಮುಂದಿನ ಆಟ ಧರ್ಮಪುರದಿಂದ ಆಚೆ, ಆಂಧ್ರದ ಗಡಿಯ ಕಡೆಗಿದ್ದ ಒಂದು ಹಟ್ಟಿಯಲ್ಲಿ. ಎಲ್ಲರೂ ಕುರಿ ಸಾಕುವವರು. ಶೇಂಗಾ ಹೊಲದ ಪಕ್ಕ ಪರದೆ ಕಟ್ಟಿದೆವು. ಬೋರ್ಡಿಲ್ಲದ ವ್ಯಾನು ಮತ್ತು ಸಾಹೇಬರ ಜೀಪು ದಿಬ್ಬದ ಹಿಂದೆ ನಿಂತವು. ಅವರು ಕಾಯುತ್ತಿದ್ದದ್ದು ಆ ಒಂದು ಮಾತಿಗೆ. ಸ್ಪೀಕರಿನಲ್ಲಿ "ನನ್ ಬೆನ್ನೇ" ಎಂದು ಕೇಳಿದ ಕೂಡಲೇ ಹೊರಡುವುದು. ಇದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಪರದೆಯ ಮುಂದೆ ಕೂತವರಿಗೆ ಗೊತ್ತಿರಲಿಲ್ಲ.

ದೀಪ ಹಚ್ಚಿದರು. ಶತ್ರು ಬಂದ, ರಾಣಿ ಹೋದಳು, ಹೊಡೆದಳು, ಶತ್ರು ಸತ್ತ. ಆಗ ಸತ್ತವನ ತಮ್ಮ ಬಂದ. ಅವನೂ ಸತ್ತ. ಅವನ ಮಾವ ಬಂದ. ಮಾವ ಸತ್ತ ಮೇಲೆ ಅಕ್ಕನ ಹತ್ತಿರ ಶತ್ರುಗಳೇ ಉಳಿದಿರಲಿಲ್ಲ. ಬೇಟೆಯ ಕತೆಯ ಜಿಂಕೆ ಬಂದು ಯುದ್ಧಕ್ಕೆ ನಿಂತಿತು. ಆಮೇಲೆ ಒಂದು ನವಿಲು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದಿಬ್ಬದ ಕಡೆಯಿಂದ ಜೀಪಿನ ಡ್ರೈವರ್ ಓಡಿ ಬಂದು ನನ್ನ ಕಿವಿಯಲ್ಲಿ, "ಸಾಹೇಬ್ರು ಕೇಳ್ತಾವ್ರೆ, ಬಿಚ್ಚಿದ್ಲೇನಪ್ಪಾ?" ಎಂದ.

"ಇನ್ನೂ ಇಲ್ಲ," ಎಂದೆ. ಇರುವ ಸಂಗತಿಯನ್ನೇ ಹೇಳಿದೆ.

ಅಷ್ಟರಲ್ಲಿ ಪರದೆಗೆ ಹಾಸ್ಯಗಾರನ ಗೊಂಬೆ ಬಂತು. "ಏನ್ ರಾಣವ್ವಾ, ಎಲ್ಲಾರ್ನೂ ಕೊಂದಾತಲ್ಲ, ಮನೆಗೆ ಹೋಗಾಣ ನಡಿ. ಕವಚ ಬಿಚ್ಚಲ್ವಾ?"

"ಹೆಂಗೋ ಬಿಚ್ಚಲಿ?" ಎಂದಳು ರಾಣಿ. "ದಿಬ್ಬದ ಹಿಂದೆ ತೋಳ ನಿಂತವೆ."

"ತೋಳ ಅಂದ್ರೆ ಕುರಿಗೆ ಬಂದಿರ್ತವೆ ಬಿಡು."

"ಕುರಿಗಲ್ಲ ಕಣೋ ಬಂದಿರೋದು, ಕಾಯೋರಿಗೆ. ಕಾಲು ಉರುಳ್ತವೆ ಆ ತೋಳಕ್ಕೆ. ಕಣ್ಣು ದೀಪದಂಗೆ ಉರೀತವೆ. ನಾನು ಕವಚ ಬಿಚ್ಚೋದನ್ನೇ ಕಾಯ್ಕೊಂಡು ಕುಂತವೆ."

ನಗು ನಿಂತಿತು. ಸ್ಪೀಕರಿನಲ್ಲಿ ಇದು ದಿಬ್ಬದ ಹಿಂದೆಯೂ ಕೇಳಿರಬೇಕು, ಆದರೆ ಅವರು ಕಾಯುತ್ತಿದ್ದದ್ದು ಬೇರೆ ಮಾತಿಗೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಕಂಬಳಿ ಕೊಡವಿ ಎದ್ದ. ಯಾರನ್ನೂ ನೋಡದೆ, "ಕುರಿ ನೋಡ್ಕೊಂಡು ಬತ್ತೀನಿ" ಎಂದು ಹೊಲದ ಕಡೆ ನಡೆದ. ಇನ್ನೊಬ್ಬ ಎದ್ದು, "ನಾನೂ ನೋಡ್ಕೊಂಡು ಬತ್ತೀನಿ" ಎಂದ. ಆಮೇಲೆ ಹೇಳುವುದನ್ನೂ ಬಿಟ್ಟು ಒಬ್ಬೊಬ್ಬರೇ ಎದ್ದು ಹೋದರು. ಅವರು ಎದ್ದ ಜಾಗಕ್ಕೆ ಹೆಂಗಸರು ಸರಿದು ಕೂತರು, ಮಕ್ಕಳನ್ನು ತೊಡೆಯಿಂದ ಇಳಿಸಿ ಪಕ್ಕದಲ್ಲಿ ಕೂರಿಸಿದರು. ದೂರದಿಂದ ನೋಡಿದರೆ ಜನ ಕಡಿಮೆಯಾದದ್ದು ಗೊತ್ತಾಗುವಂತಿರಲಿಲ್ಲ. ರಾಣಿ ನವಿಲಿನ ಜೊತೆ ಯುದ್ಧ ಮುಂದುವರಿಸಿದಳು.

ಕೊನೆಗೆ ಸಾಹೇಬರೇ ನಡೆದು ಬಂದರು. ಟಾರ್ಚು ಬಿಟ್ಟು ನೋಡಿದರು. ಹೆಂಗಸರು, ಮಕ್ಕಳು, ಹಲ್ಲಿಲ್ಲದ ನಾಲ್ವರು ಮುದುಕರು. ಅವರು ನೇರವಾಗಿ ಪರದೆಯ ಹಿಂದೆ ನುಗ್ಗಿದರು. ನಾನೂ ಹಿಂದೆಯೇ ಹೋದೆ.

"ಬಿಚ್ಚೇ!" ಎಂದರು.

"ಇನ್ನೂ ಗೆದ್ದಿಲ್ಲ ಸ್ವಾಮಿ," ಎಂದರು ಅಕ್ಕ. ಕವಚದವಳನ್ನು ಪರದೆಗೆ ಒತ್ತಿ ಹಿಡಿದಿದ್ದ ಕೈ ಇಳಿಸಲಿಲ್ಲ.

ಸಾಹೇಬರು ಬುಟ್ಟಿಗೆ ಕೈ ಹಾಕಿ ನೀಲಿ ಸೀರೆಯವಳನ್ನು ಎಳೆದು, ತಾವೇ ಪರದೆಗೆ ಹಿಡಿದರು. ಅವರಿಗೆ ಹಿಡಿಯಲು ಬರುತ್ತಿರಲಿಲ್ಲ. ಎರಡೂ ಕೈ ಜೋತುಬಿದ್ದು, ಕತ್ತು ವಾಲಿ, ಅವಳು ಕವಚದವಳ ಪಕ್ಕದಲ್ಲಿ ತೂಗಾಡಿದಳು. ಪರದೆಯ ಆಚೆ ಒಬ್ಬರೂ ನಗಲಿಲ್ಲ. ನೀರು ಕಾದಿದೆ ಎಂದು ಯಾರೂ ಹೇಳಲಿಲ್ಲ. ಸಾಹೇಬರು ಸಿಟ್ಟಿನಲ್ಲಿ ಗೊಂಬೆಯನ್ನು ಕೆಳಗೆ ಬಿಟ್ಟರು. ಅದು ದೀಪದ ಮೇಲೆ ಬಿತ್ತು. ತೊಗಲು ಉರಿಯಲಿಲ್ಲ, ಸುರುಟಿಕೊಂಡಿತು. ಅಕ್ಕ ಬರಿಗೈಯಲ್ಲಿ ಅದನ್ನು ಎತ್ತಿದರು. ಎತ್ತಿದ್ದು ಎಡಗೈಯಲ್ಲಿ. ಅವರ ಬಲಗೈಯಲ್ಲಿದ್ದ ಕವಚದವಳು ಆಗಲೂ ಪರದೆಯ ಮೇಲೆಯೇ ಇದ್ದಳು.

ಆ ಹಟ್ಟಿಯಿಂದ ಆ ದಿನ ಒಬ್ಬರೂ ಸಿಗಲಿಲ್ಲ. ಅಕ್ಕನನ್ನು ಇಲಾಖೆ ಕೈಬಿಟ್ಟಿತು. ಅವರ ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಆಂಧ್ರದ ಕಡೆ ಹೋಗಿ ಆ ಕಾಲ ಮುಗಿಯುವವರೆಗೂ ಅಲ್ಲೇ ಇದ್ದ. ಹಾಳಾದ ಗೊಂಬೆಯನ್ನು ನೀರಿಗೆ ಬಿಡುವುದು ಅವರ ಪದ್ಧತಿ. ಅಕ್ಕ ಅದನ್ನು ವೇದಾವತಿಗೆ ಬಿಟ್ಟರಂತೆ.

ಚುನಾವಣೆಯಾಗಿ ಕಾಲ ಬದಲಾದ ಮೇಲೆ ಹಾಲುರಾಮೇಶ್ವರದಲ್ಲಿ ಅವರನ್ನು ಒಮ್ಮೆ ಕಂಡೆ. ಬಂದ ಯಾತ್ರಿಕರ ಮುಂದೆ ಆಟ ಕಟ್ಟಿದ್ದರು. ರಾಣಿ ಗೆದ್ದಳು, ಕವಚದಲ್ಲೇ ನಿಂತಳು, ಆಟ ಮುಗಿಯಿತು. "ಬಿಚ್ಚಲ್ವೇನವ್ವಾ?" ಎಂದು ಒಬ್ಬ ಹೆಂಗಸು ಕೇಳಿದಳು. "ಇವತ್ತಲ್ಲ ಕಣವ್ವ," ಎಂದರು. ನನಗೆ ರೇಗಿತು. ಈಗ ಯಾವ ವ್ಯಾನೂ ಇಲ್ಲ, ಸಾಹೇಬರೂ ಇಲ್ಲ, ಹೊಸ ಗೊಂಬೆ ಕೊರೆಯಲು ನಿಮಗೇನು ಧಾಡಿ ಎಂದು ಕೇಳಿಯೇಬಿಟ್ಟೆ. ನನಗೆ ಎಲೆ ಅಡಿಕೆ ಕೊಟ್ಟು, "ಕುಂತ್ಕಳ್ರಿ ಮೈಕಪ್ಪ, ಯಾಕೆ ಕೂಗಾಡ್ತೀರಿ" ಎಂದರು.

ಅದೇ ಪ್ರಶ್ನೆಯನ್ನು ಹೋದ ತಿಂಗಳು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ತಮ್ಮನಿಗೆ ಕೇಳಿದೆ.

"ಕೊರೆದಿದ್ಲು ಸ್ವಾಮಿ," ಎಂದ. "ಬಣ್ಣನೂ ಹಾಕಿದ್ಲು. ಕೈ ಮಾತ್ರ ಜೋಡಿಸಿರಲಿಲ್ಲ. ಯಾಕಕ್ಕ ಅಂದ್ರೆ, ಆ ಹೊಳಲ್ಕೆರೆ ಕಡೆ ಹುಡುಗನ ಅವ್ವ ಬಂದು ಕುಂತ್ಕಂಡ ದಿನ ಜೋಡಿಸ್ತೀನಿ ಅಂತಿದ್ಲು. ಆ ಕಡೆ ಆಟ ಆದಾಗೆಲ್ಲ ಹೇಳಿ ಕಳಿಸೋಳು. ಆಯಮ್ಮ ಬತ್ತಿರಲಿಲ್ಲ."

ಅವನ ಬಸ್ಸು ಬಂದಿತ್ತು. ಕಂಡಕ್ಟರ್ ಕೂಗುತ್ತಿದ್ದ. ಕೊನೆಗೂ ಬರಲೇ ಇಲ್ಲವೇ ಎಂದು ಕೇಳಿದೆ.

"ಬಂದಿದ್ಲು. ಹೆಂಗೆ ಸುದ್ದಿ ಮುಟ್ಟಿತೋ ಗೊತ್ತಿಲ್ಲ, ಅಕ್ಕನ ಮಣ್ಣಿಗೆ ಬಂದಿದ್ಲು. ಎಲ್ಲಾರಂಗೆ ಒಂದು ಹಿಡಿ ಮಣ್ಣು ಹಾಕಿದ್ಲು. ಹಾಕಿ ಹೊರಡ್ತಾಳೆ ಅಂದ್ಕಂಡೆ." ಅವನು ಮೆಟ್ಟಿಲ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದ. "ಹ್ವಾಗ್ಲಿಲ್ಲ ಸ್ವಾಮಿ. ಅಲ್ಲೇ ಕುಂತ್ಕಂಡ್ಲು. ನಾವು ಎದ್ದು ಬರೋವಾಗ್ಲೂ ಕುಂತೇ ಇದ್ಲು."